ಥಿನ್ನರ್ ಶೆಡ್ಡಿನ ಎದುರಿನ ಕಿಟಕಿ

೬ ಫೆಬ್ರುವರಿ ೧೯೭೯, ಮಂಗಳವಾರ

ಇವತ್ತು ಗಾಜು ಆರಿಸಿದೆ. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ದೊಡ್ಡ ಶಾಭಾಸ್ಕಿ ಸಿಕ್ಕಿದ್ದು ನನ್ನ ನೌಕರಿಯಲ್ಲಿ ಇದೇ ಮೊದಲು.

ಭೋಸರಿಯ ನಮ್ಮ ಬಣ್ಣದ ಕಾರ್ಖಾನೆಯಲ್ಲಿ ಅಂಗಳದ ಒಂದು ಬದಿಗೆ ಥಿನ್ನರ್ ಪೀಪಾಯಿಗಳ ಶೆಡ್ಡು, ಎದುರು ಬದಿಗೆ ಪ್ಯಾಕಿಂಗ್ ಹಾಲು. ಹಾಲಿನ ಕಿಟಕಿಗೆ ಮರದ ಚೌಕಟ್ಟು, ಸಾದಾ ಗಾಜು, ಅದೂ ಸದಾ ತೆರೆದೇ ಇರುತ್ತದೆ. ಶೆಡ್ಡಿಗೆ ಬೆಂಕಿ ಬಿದ್ದರೆ ಉರಿ ಆ ಕಿಟಕಿಯಿಂದ ನೇರ ಹಾಲಿಗೆ ನುಗ್ಗುತ್ತದೆ ಎಂದು ವಿಮೆಯವರು ಹೇಳಿಹೋಗಿದ್ದಾರೆ. ಕಿಟಕಿಯನ್ನು ಇಟ್ಟಿಗೆಯಿಂದ ಮುಚ್ಚಬೇಕು, ಇಲ್ಲವೇ ಉಕ್ಕಿನ ಚೌಕಟ್ಟಿನಲ್ಲಿ ಬೆಂಕಿ ತಡೆಯುವ ತಂತಿ ಗಾಜನ್ನು ತೆರೆಯಲು ಬಾರದ ಹಾಗೆ ಕೂರಿಸಬೇಕು. ಕಟ್ಟಡದ ರಿಪೇರಿಯೆಲ್ಲ ನನ್ನ ಕೊರಳಿಗೆ ಬಿದ್ದಿರುವುದರಿಂದ ಗಾಜೂ ನನ್ನ ಕೊರಳಿಗೇ ಬಿತ್ತು.

ಭವಾನಿ ಪೇಠೆಯ ಮುರುಗೆಪ್ಪನ ಗಾಜಿನ ಅಂಗಡಿಗೆ ಹೋದೆ. ಅವನು ನಮ್ಮ ಇಂಡಿ ಕಡೆಯವನು. ಅಂಗಡಿಯ ಹಿಂದೆ ಸ್ಟೋವ್ ಹಚ್ಚಿ ಅದರ ಮೇಲೆ ಒಂದು ತುಂಡು ಸಾದಾ ಗಾಜು ಹಿಡಿದ. ಫಟ್ಟೆಂದು ಚೂರಾಗಿ ಬಿತ್ತು. ಆಮೇಲೆ ತಂತಿ ಗಾಜು ಹಿಡಿದ. ಅದೂ ಸೀಳಿತು, ಆದರೆ ಬೀಳಲಿಲ್ಲ. ಒಳಗಿನ ಉಕ್ಕಿನ ಬಲೆ ಚೂರುಗಳನ್ನು ಹಿಡಿದುಕೊಂಡೇ ಇತ್ತು.

"ಇದೂ ಒಡೀತದರಿ," ಎಂದ ಮುರುಗೆಪ್ಪ. "ಒಡದ ಮ್ಯಾಲೂ ಜಾಗಾ ಬಿಡೂದಿಲ್ಲ, ಅಷ್ಟ ಇದರ ಗುಣ."

ತಂತಿ ಗಾಜಿನಲ್ಲಿ ಎರಡು ಬಗೆ. ಒಂದು ತಿಳಿ, ಆಚೆ ಇರುವುದು ಕಾಣುತ್ತದೆ, ಮುಂಬೈಯಿಂದ ತರಿಸಬೇಕು. ಇನ್ನೊಂದು ಮಬ್ಬು, ಬೆಳಕು ಬರುತ್ತದೆ, ಬೇರೇನೂ ಕಾಣುವುದಿಲ್ಲ, ಅಂಗಡಿಯಲ್ಲೇ ಇತ್ತು. ಬೆಂಕಿಗೆ ಎರಡೂ ಒಂದೇ. ನಾನು ಮಬ್ಬು ಆರಿಸಿದೆ. ಮಬ್ಬು ಯಾಕೆ ಎಂದು ಮ್ಯಾನೇಜರ್ ಭುಜಂಗರಾಯರು ಕೇಳಿದರು. ತಿಳಿ ಗಾಜಾದರೆ ಹೆಂಗಸರು ದಿನವಿಡೀ ಹೊರಗೆ ನೋಡುತ್ತ ಕೂಡುತ್ತಾರೆ, ಮಬ್ಬಾದರೆ ಕಣ್ಣು ಕೆಲಸದ ಮೇಲಿರುತ್ತದೆ ಎಂದೆ. ಅವರು ಕೇಳುವ ತನಕ ಆ ಕಾರಣ ನನಗೂ ಹೊಳೆದಿರಲಿಲ್ಲ. ಮುಂಬೈಗೆ ಬರೆದು ಕಾಯುವ ಬೇಸರಕ್ಕೆ ಆರಿಸಿದ್ದು. ಅವರು ಮಾತ್ರ ನನ್ನ ಬೆನ್ನು ತಟ್ಟಿ, ಪಾಟೀಲ, ನಿನಗೆ ದೂರದೃಷ್ಟಿ ಇದೆ ಎಂದರು.

೧೬ ಫೆಬ್ರುವರಿ, ಶುಕ್ರವಾರ

ಗಾಜು ಕೂತಿತು. ಚೌಕಟ್ಟು ಗಟ್ಟಿ, ಗಾಜಿನ ಅಂಚಿಗೆ ಮೆತ್ತಿದ ಲಾಂಬಿ ಅಚ್ಚುಕಟ್ಟು, ಎಲ್ಲೂ ಕೂದಲು ತೂರುವಷ್ಟು ಸಂದಿಲ್ಲ. ಶೆಡ್ಡಿನ ಕಡೆಯಿಂದ ನೋಡಿ ನನಗೇ ಖುಷಿಯಾಯಿತು.

ಒಳಗೆ ಹೆಂಗಸರ ಮುಖ ಮಾತ್ರ ಊದಿಕೊಂಡಿತ್ತು. ಇವರೆಲ್ಲ ಯಾದಗಿರಿ, ಸುರಪುರದ ಕಡೆಯವರು, ಯೆರವಡಾದ ಝೋಪಡಿಗಳಿಂದ ಕಂತ್ರಾಟದಾರನ ಟ್ರಕ್ಕಿನಲ್ಲಿ ಬರುತ್ತಾರೆ. ತಮ್ಮತಮ್ಮಲ್ಲಿ ಕನ್ನಡ, ನನ್ನ ಜೊತೆ ಹರಕುಮುರುಕು ಮರಾಠಿ. ನನಗೆ ಕನ್ನಡ ಬರುತ್ತದೆಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ಪಾಟೀಲ ಎಂಬ ಹೆಸರು ಕನ್ನಡ, ಮರಾಠಿ ಎರಡೂ ಕಡೆ ನಡೆಯುತ್ತದೆ. ಸೇರಿದ ಹೊಸದರಲ್ಲಿ ಸ್ಟೋರಿನವನೊಬ್ಬ ಕಾನಡಿ ಕಾನಡಿ ಎಂದು ಗೇಲಿ ಮಾಡುತ್ತ ಒಬ್ಬ ಕನ್ನಡದ ಗುಮಾಸ್ತನ ಬೆನ್ನು ಹತ್ತಿದ್ದನ್ನು ನೋಡಿ ನಾನು ಬಾಯಿಗೆ ಬೀಗ ಹಾಕಿಕೊಂಡೆ. ಆಮೇಲೆ ಬೀಗ ತೆಗೆಯಲು ಕಾರಣ ಸಿಗಲಿಲ್ಲ. ತೆಗೆದರೆ ಈ ಹೆಂಗಸರೆಲ್ಲ ನಮ್ಮವರು ನಮ್ಮವರು ಎಂದು ರಜೆಗೆ, ಹಾಜರಿಗೆ ನನ್ನ ಹಿಂದೆ ಬೀಳುತ್ತಾರೆ.

೨೧ ಫೆಬ್ರುವರಿ, ಬುಧವಾರ

ಕೇಳಬಾರದ್ದು ಕೇಳಿಸಿಕೊಂಡೆ. ಹಾಲಿನಲ್ಲಿ ಫ್ಯಾನಿನ ವೈರು ನೋಡುತ್ತಿದ್ದೆ. ಯಂಕವ್ವ ಎಂಬ ಎಳೇ ವಯಸ್ಸಿನವಳು ಡಬ್ಬಿಗೆ ಚೀಟಿ ಅಂಟಿಸುತ್ತ ಅಳುತ್ತಿದ್ದಳು. ಪಕ್ಕದಲ್ಲಿ ಅವ್ವಮ್ಮ, ಅವರಲ್ಲೆಲ್ಲ ಹಿರಿಯಳು.

ಯಂಕವ್ವನ ಕೂಸು ಸಕ್ಕು, ಈಗಷ್ಟೇ ನಡೆಯಲು ಕಲಿತದ್ದು. ಅಂಗಳದ ಪೇರಲ ಗಿಡಕ್ಕೆ ಸೀರೆಯ ಜೋಳಿಗೆ ಕಟ್ಟಿ ಅದರಲ್ಲಿ ಮಲಗಿಸುತ್ತಾಳಂತೆ. ಭುಜಂಗರಾಯರು ಕಂಡೂ ಕಾಣದಂತೆ ಇರುತ್ತಾರೆ. ಇಷ್ಟು ದಿನ ಕಿಟಕಿಯಿಂದ ಜೋಳಿಗೆ ಕಾಣುತ್ತಿತ್ತು, ಕೂಸು ಕುಂಯ್ ಎಂದರೆ ಕೇಳುತ್ತಿತ್ತು. ಈಗ ಕಾಣುವುದೂ ಇಲ್ಲ, ಕೇಳುವುದೂ ಇಲ್ಲ. ಮತ್ತೆ ಮತ್ತೆ ಎದ್ದು ಹೋದರೆ ಕಂತ್ರಾಟದಾರನ ಮುಕಾದಮ ಹಾಜರಿ ಕತ್ತರಿಸುತ್ತಾನೆ.

ಅವ್ವಮ್ಮ ನನ್ನ ಕಡೆ ಗದ್ದ ತೋರಿಸಿ, "ಈ ಪಾಟೀಲನ ಕಣ್ಣಿಗೂ ಇಂಥಾದ್ದ ಗಾಜ ಕೂಡಿಸಬೇಕ ನೋಡವಾ," ಎಂದಳು. ನಾನು ವೈರು ನೋಡುತ್ತಲೇ ಇದ್ದೆ.

ಆಮೇಲೆ ಯಂಕವ್ವ ನನ್ನ ಹತ್ತಿರ ಬಂದು, ಕೈಸನ್ನೆ ಮಾಡುತ್ತ, ಗಾಜು ಬದಲಿಸಲು ಬರುತ್ತದೇನು ಎಂದು ಮರಾಠಿಯಲ್ಲಿ ಕೇಳಿದಳು. "ಬಘತೋ," ಎಂದೆ. ನೋಡುತ್ತೇನೆ ಎಂದು. ನಾನು ಎಲ್ಲರಿಗೂ ಕೊಡುವ ಉತ್ತರ ಅದು.

ಮನೆಗೆ ಬಂದು ಅದನ್ನೇ ಲೆಕ್ಕ ಹಾಕುತ್ತ ಕೂತೆ. ತಿಳಿ ಗಾಜು ಆರಿಸಿದ್ದರೆ ಏನು ಗಂಟು ಹೋಗುತ್ತಿತ್ತು? ಬೆಂಕಿಗೆ ಎರಡೂ ಒಂದೇ ಆಗಿತ್ತು.

೩ ಮಾರ್ಚ್, ಶನಿವಾರ

ಯಂಕವ್ವ ತನ್ನ ದಾರಿ ತಾನೇ ಹುಡುಕಿಕೊಂಡಿದ್ದಾಳೆ. ಕಿಟಕಿಯ ಕೆಳಮೂಲೆಯಲ್ಲಿ ಲಾಂಬಿ ಕೆರೆದು ಒಂದು ಸಣ್ಣ ತೂತು ಮಾಡಿ, ಅದರೊಳಗಿಂದ ದಾರ ಹಾಯಿಸಿದ್ದಾಳೆ. ಒಂದು ತುದಿ ಪೇರಲ ಗಿಡದ ಜೋಳಿಗೆಗೆ. ಇನ್ನೊಂದು ತುದಿ ಅವಳ ಮೇಜಿನ ಕಾಲಿಗೆ, ಅಲ್ಲಿ ಕಾಲ್ಗೆಜ್ಜೆಯ ಒಂದು ಗೆಜ್ಜೆ ಕಟ್ಟಿದೆ. ಕೂಸು ಮಿಸುಕಿದರೆ ಗೆಜ್ಜೆ ಸದ್ದು ಮಾಡುತ್ತದೆ, ಅವಳು ಎದ್ದು ಓಡುತ್ತಾಳೆ. ಗೆಜ್ಜೆ ಸುಮ್ಮನಿದ್ದರೆ ಅವಳೂ ನಿಶ್ಚಿಂತೆಯಿಂದ ಚೀಟಿ ಅಂಟಿಸುತ್ತಾಳೆ. ಮೊದಲಿಗಿಂತ ಹೆಚ್ಚು ಡಬ್ಬಿ ಮಾಡುತ್ತಿದ್ದಾಳೆಂದು ಮುಕಾದಮನೇ ಹೇಳಿದ.

ತೂತು ಕಂಡಾಗ ನನಗೆ ಸಿಟ್ಟು ಬರಬೇಕಾಗಿತ್ತು. ಬಂದದ್ದು ಸಮಾಧಾನ. ನಾನು ಮಾಡಿದ್ದನ್ನು ಅವಳೇ ಸರಿ ಮಾಡಿಕೊಂಡಳಲ್ಲ ಎಂದು. ನೋಡಿಯೂ ನೋಡದವನಂತೆ ಬಂದೆ.

೧೩ ಮಾರ್ಚ್, ಮಂಗಳವಾರ

ವಿಮೆಯ ಇನ್‌ಸ್ಪೆಕ್ಟರ್ ಬಂದುಹೋದರು. ಕಿಟಕಿ ಪಾಸು.

ಸಕ್ಕು ಥಿನ್ನರ್ ಕುಡಿದಿದೆ. ಆಸ್ಪತ್ರೆಯಿಂದ ಈಗ ಬಂದೆ. ಬರೆಯಲು ಆಗುತ್ತಿಲ್ಲ.

೧೫ ಮಾರ್ಚ್, ಗುರುವಾರ

ಭೋಸರಿಗೆ ಇವತ್ತು ವಾರದ ಸುಟ್ಟಿ, ಕಾರ್ಖಾನೆಗಳಿಗೆಲ್ಲ ರಜೆ. ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಬಂದೆ. ಕೂಸಿಗೆ ಆಕ್ಸಿಜನ್ ಹಾಕಿದ್ದಾರೆ. ಎದೆ ಏರುವಾಗ ಪಕ್ಕೆಲುಬು ಕಾಣುತ್ತದೆ. ಏನೂ ಹೇಳಲಾಗದು ಎನ್ನುತ್ತಾರೆ. ಹೆಂಡತಿ ಕಾಶವ್ವ ತೌರುಮನೆಯವರ ಜೊತೆ ಸಾಮಾನು ತರಲು ಹೋಗಿದ್ದಾಳೆ, ಮನೆಯಲ್ಲಿ ನಾನೊಬ್ಬನೇ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಇದನ್ನು ಓದುವವನು ನಾನೊಬ್ಬನೇ.

ದಾರ ಕತ್ತರಿಸಿದ್ದು ನಾನು.

ಇನ್‌ಸ್ಪೆಕ್ಟರ್ ಬೆಳಿಗ್ಗೆಯೇ ಗೇಟಿಗೆ ಬಂದರೆಂದು ಸುದ್ದಿ ಬಂತು. ತೂತು ಕಂಡರೆ ಕಿಟಕಿ ನಪಾಸು, ನನ್ನ ದೂರದೃಷ್ಟಿಯೂ ನಪಾಸು. ಅಂಗಳದ ಕಡೆಯಿಂದ ಹೋಗಿ ಗಾಜಿನ ಬುಡದಲ್ಲಿ ದಾರ ಕತ್ತರಿಸಿದೆ, ಗಿಡದ ಕಡೆಯ ತುಂಡನ್ನು ಸುತ್ತಿ ಜೋಳಿಗೆಯ ಮೇಲಿಟ್ಟೆ, ತೂತಿಗೆ ಲಾಂಬಿ ಮೆತ್ತಿದೆ. ಇನ್‌ಸ್ಪೆಕ್ಟರ್ ಹೋದ ಮೇಲೆ ಮತ್ತೆ ಕಟ್ಟಿದರಾಯಿತು ಎಂದುಕೊಂಡಿದ್ದೆ. ಕೂಸು ಮಲಗಿತ್ತು.

ಒಳಗಿನ ದಾರ, ಗೆಜ್ಜೆ ಹಾಗೇ ಬಿಟ್ಟೆ. ಮೇಜಿನ ಕೆಳಗೆ ಅದು ಯಾರಿಗೂ ಕಾಣುತ್ತಿರಲಿಲ್ಲ. ಯಂಕವ್ವನಿಗೆ ಹೇಳಿದರೆ ಅವಳು ಎದ್ದು ಹೋಗಿ ಗಿಡದ ಕೆಳಗೆ ಕೂತಾಳು, ಇನ್‌ಸ್ಪೆಕ್ಟರರ ಎದುರು ಗದ್ದಲವಾದೀತು ಎಂದು ಹೇಳಲಿಲ್ಲ. ಮರಾಠಿಯಲ್ಲಿ ಹೇಳಿದರೆ ಪೂರ್ತಿ ತಿಳಿಯುವುದಿಲ್ಲ, ಕನ್ನಡದಲ್ಲಿ ಹೇಳುವಂತಿಲ್ಲ. ಎರಡು ಮಾತಿನ ಕೆಲಸ. ಬಾಯಿದ್ದೂ ಆಡಲಿಲ್ಲ.

ಇನ್‌ಸ್ಪೆಕ್ಟರ್ ಗಾಜನ್ನು ಬೆರಳಿನಿಂದ ತಟ್ಟಿ ನೋಡಿದರು, ಒಳ್ಳೆಯ ಆಯ್ಕೆ ಎಂದರು. ಭುಜಂಗರಾಯರು ನನ್ನನ್ನೂ ಅವರ ಜೊತೆ ಊಟಕ್ಕೆ ಕೂರಿಸಿಕೊಂಡರು. ಶ್ರೀಖಂಡ ಇತ್ತು. ಎರಡನೇ ಸಲ ಹಾಕಿಸಿಕೊಂಡೆ. ದಾರದ ನೆನಪು ಒಮ್ಮೆಯೂ ಬರಲಿಲ್ಲ.

ಅಷ್ಟರಲ್ಲಿ ಸಕ್ಕು ಎದ್ದಿದೆ, ಜೋಳಿಗೆಯಿಂದ ಇಳಿದಿದೆ, ಶೆಡ್ಡಿನ ಬಾಗಿಲಲ್ಲಿ ಬ್ರಷ್ ತೊಳೆಯಲು ಇಟ್ಟಿದ್ದ ಡಬ್ಬಿಯನ್ನು ಎತ್ತಿ ಕುಡಿದಿದೆ. ಒಳಗೆ ಗೆಜ್ಜೆ ಸುಮ್ಮನಿತ್ತು, ಆದ್ದರಿಂದ ತಾಯಿ ಚೀಟಿ ಅಂಟಿಸುತ್ತಿದ್ದಳು.

ಕಂಪನಿಯ ವ್ಯಾನಿನಲ್ಲಿ ನಾನೇ ಕರೆದುಕೊಂಡು ಹೋದೆ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸರಸರನೆ ಮರಾಠಿಯಲ್ಲಿ ಕೇಳುತ್ತಾಳೆ, ವಾಂತಿ ಆಯಿತೇ, ನೀವಾಗಿ ಮಾಡಿಸಿದಿರೇ, ಏನು ಕುಡಿಸಿದಿರಿ? ಯಂಕವ್ವನಿಗೆ ಒಂದೂ ತಿಳಿಯುತ್ತಿಲ್ಲ. ಸಕ್ಕೂ, ಸಕ್ಕೂ ಎನ್ನುತ್ತಾಳೆ. ಡಾಕ್ಟರಮ್ಮ ಮತ್ತೆ ಕೇಳಿದಳು. ಕೂಸು ನೀಲಿಗಟ್ಟುತ್ತಿತ್ತು, ನಾನು ಆಗಲೂ ನನ್ನ ಬೀಗ ಕಾಯುತ್ತಿದ್ದೆ. ಮತ್ತೊಮ್ಮೆ ಕೇಳಿದಾಗ ನನ್ನ ಬಾಯಿಂದ ಹೇಗೋ ಬಂತು:

"ಯಂಕವ್ವಾ, ಕೂಸು ಕಾರಿಕೊಂಡಿತೇನು? ಏನರೆ ಕುಡಿಸೀರೇನು?"

ಅವಳು ನನ್ನನ್ನೇ ನೋಡಿದಳು. "ಅವ್ವಮ್ಮ ಉಪ್ಪನೀರ ಕುಡಿಸ್ಯಾಳ್ರಿ. ಭಾಳ ಕಾರ್ಯಾಳ. ಆಮ್ಯಾಗಿಂದ ಉಸರ ಎಳಿಯಾಕತ್ತಾಳ."

ನಾನು ಮರಾಠಿಗೆ ತಿರುಗಿಸಿದೆ. ವಾಂತಿಯಲ್ಲೇ ಥಿನ್ನರ್ ಎದೆಗೆ ಇಳಿದಿದೆ, ಮಾಡಿಸಬಾರದಿತ್ತು, ಈಗಾದರೂ ಹೇಳಿದಿರಿ ಎಂದು ಡಾಕ್ಟರಮ್ಮ ಕೂಸನ್ನು ಒಳಗೆ ಒಯ್ದಳು. ಯಂಕವ್ವ ನನ್ನ ಅಂಗಿಯ ತೋಳು ಹಿಡಿದುಕೊಂಡಳು. "ನೀವು ನಮ್ಮವರ ಏನ್ರಿ?" ಎಂದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಇನ್ನೊಂದು ಇದೆ, ಬರೆಯಬಾರದೆಂದಿದ್ದೆ. ಸಂಜೆ ಕಾರ್ಖಾನೆಗೆ ತಿರುಗಿ ಬಂದು, ಪ್ಯಾಕಿಂಗ್ ಹಾಲು ಖಾಲಿಯಿದ್ದಾಗ, ಮೊಳೆಯಿಂದ ಆ ಹಸಿ ಲಾಂಬಿಯನ್ನು ಕೆರೆದು ತೆಗೆದೆ. ದಾರದ ಎರಡೂ ತುದಿಗಳನ್ನು ಬೆರಳಿನಿಂದ ಎಳೆ ಎಳೆ ಬಿಡಿಸಿದೆ, ಕತ್ತರಿಯ ಗುರುತು ಹೋಗಿ ತಾನೇ ಹರಿದಂತೆ ಕಾಣಲಿ ಎಂದು. ಆಮೇಲೆ ಕೈ ತೊಳೆದುಕೊಂಡು ಮನೆಗೆ ಬಂದೆ.

೨೦ ಮಾರ್ಚ್, ಮಂಗಳವಾರ

ಸಕ್ಕು ಉಳಿಯಿತು. ಹಾಲು ಕುಡಿಯಿತಂತೆ. ಕೆಮ್ಮು ಬಹಳ ದಿನ ಇರುತ್ತದೆ, ಎದೆ ಮೆತ್ತಗಾಗಿದೆ, ಜೋಪಾನ ಎಂದಿದ್ದಾರೆ. ಕಾರ್ಖಾನೆಯ ಪಾಯಿಖಾನೆಯಲ್ಲಿ ಬಾಗಿಲು ಹಾಕಿಕೊಂಡು ಅತ್ತೆ.

ವಾರ್ಡಿನ ಹೊರಗೆ ಯಂಕವ್ವ ತಾನೇ ಮಾತು ತೆಗೆದಳು. ದಾರ ಹಳೆಯದಿತ್ತಂತೆ, ಸೀರೆಯ ಅಂಚು ಬಿಚ್ಚಿ ಹೊಸೆದದ್ದಂತೆ. ಹಿಂದಿನ ದಿನ ಜೋರಾಗಿ ಜಗ್ಗಿದ್ದಳಂತೆ, ಆಗಲೇ ಸಡಿಲಾಗಿರಬೇಕಂತೆ. ಹರಿದ ತುದಿಯನ್ನು ಅವ್ವಮ್ಮ ತಂದು ತೋರಿಸಿದಳಂತೆ. "ನಾನಽ ನನ್ನ ಕೂಸಿನ ಜೀವಾ ತಗೀತಿದ್ನಿರಿ ಅಣ್ಣಾ," ಎಂದಳು.

ಅಣ್ಣ ಎಂದಳು. ಆಗಲೇ ಹೇಳಬೇಕಾಗಿತ್ತು. ನಾಲಿಗೆಯ ತುದಿಗೆ ಬಂದಿತ್ತು. ನರ್ಸು ಬಂದು ಔಷಧದ ಚೀಟಿ ಕೊಟ್ಟಳು, ನಾನು ಔಷಧ ತರಲು ಓಡಿದೆ. ಓಡಲು ಒಂದು ಕಾರಣ ಸಿಕ್ಕಿತೆಂದು ಸಂತೋಷಪಟ್ಟೆನಲ್ಲ, ಅದಕ್ಕೆ ನನಗೆ ನನ್ನ ಮೇಲೇ ಹೇಸಿಗೆ.

೪ ಏಪ್ರಿಲ್, ಬುಧವಾರ

ತಿಳಿ ಗಾಜು ಬಂತು. ಭುಜಂಗರಾಯರಿಗೆ ದುಂಬಾಲು ಬಿದ್ದು ಒಪ್ಪಿಸಿದೆ. ಹೊರಗೆ ಹೊಗೆ ಕಂಡರೆ ಒಳಗಿನವರು ಬೇಗ ಹೊರಬೀಳಬಹುದು ಎಂಬ ಕಾರಣ ಕೊಟ್ಟೆ. ಅದು ಸರಿಯಾದ ಕಾರಣವೂ ಹೌದು. ಮೊದಲೇ ಹೊಳೆಯಬೇಕಿತ್ತು ಅಷ್ಟೇ. ಮುರುಗೆಪ್ಪ ಎದುರು ನಿಂತು ಕೂರಿಸಿದ. ಒಂದೇ ಕಿಟಕಿಗೆ ಎರಡು ಸಲ ಗಾಜು ಕೊಂಡವರು ನೀವೊಬ್ಬರೇ ಎಂದು ನಕ್ಕ. ನನಗೆ ನಗು ಬರಲಿಲ್ಲ.

ಈಗ ಹೆಂಗಸರ ಜೊತೆ ನನ್ನದು ಕನ್ನಡವೇ. ಸ್ಟೋರಿನವನು ಒಂದು ದಿನ ಕಾನಡಿ ಎಂದ, ಹೌದಪ್ಪ ಎಂದೆ, ಅಲ್ಲಿಗೆ ಮುಗಿಯಿತು. ಇಷ್ಟಕ್ಕೆ ಇಷ್ಟು ವರ್ಷ ಹೆದರಿದ್ದೆನೇ ಎನಿಸುತ್ತದೆ. ಅವ್ವಮ್ಮ ಸೆರಗು ಬಾಯಿಗೆ ಹಿಡಿದು, ಅವತ್ತು ತಾನು ಬೈದದ್ದು ಕೇಳಿಸಿತ್ತೇನು ಎಂದು ಕೇಳಿದಳು. ಇಲ್ಲ ಎಂದೆ. ಸಜ್ಜೆ ರೊಟ್ಟಿ, ಪುಂಡಿಪಲ್ಯ ತಂದುಕೊಟ್ಟಿದ್ದಳು. ತಿನ್ನುವ ಮನಸ್ಸಿರಲಿಲ್ಲ, ಆದರೂ ಎಲ್ಲ ತಿಂದೆ. ಬಿಟ್ಟರೆ ಕಾರಣ ಕೇಳುತ್ತಾರೆ.

ಎಲ್ಲರ ಬಾಯಲ್ಲೂ ಈಗ ಒಂದೇ ಮಾತು, ಪಾಟೀಲರಿಂದ ಕೂಸು ಉಳಿಯಿತು ಎಂದು. ನಾನು ಅಲ್ಲ ಅಲ್ಲ ಎನ್ನುತ್ತೇನೆ. ಎಷ್ಟು ದೊಡ್ಡ ಮನಸ್ಸು ಎನ್ನುತ್ತಾರೆ.

೧೭ ಏಪ್ರಿಲ್, ಮಂಗಳವಾರ

ಯಂಕವ್ವ ಇವತ್ತು ಕೆಲಸಕ್ಕೆ ಬಂದಾಗ ಒಂದು ಕಣ್ಣು ಮುಚ್ಚಿಹೋಗಿತ್ತು. ಗಂಡ ಹುಸೇನಪ್ಪ ಹೊಡೆದಿದ್ದಾನೆ. ಕಟ್ಟಡದ ಕೆಲಸದವನು, ಕೆಟ್ಟವನಲ್ಲ ಎನ್ನುತ್ತಾರೆ. ಕೂಸು ರಾತ್ರಿ ಕೆಮ್ಮಿದಾಗಲೆಲ್ಲ ಅವನಿಗೆ ತಲೆ ಕೆಡುತ್ತದಂತೆ. ಹರಿಯುವ ದಾರಕ್ಕೆ ಕೂಸಿನ ಜೀವ ಕಟ್ಟಿದವಳು ತಾಯಿಯಲ್ಲ ಎನ್ನುತ್ತಾನಂತೆ. ಕೂಸನ್ನು ಊರಲ್ಲಿರುವ ತನ್ನ ತಾಯಿಯ ಹತ್ತಿರ ಬಿಟ್ಟು, ಇವಳನ್ನು ತೌರಿಗೆ ಅಟ್ಟುತ್ತಾನಂತೆ.

ಒಂದು ಮಾತು ಹೇಳಿದರೆ ಮುಗಿಯುತ್ತದೆ. ನನಗೆ ಗೊತ್ತಿದೆ. ಹುಸೇನಪ್ಪನ ಎದುರು ನಿಂತು, ಅವಳಲ್ಲ ನಾನು ಎನ್ನಬೇಕು. ಅವನು ನನ್ನನ್ನು ಹೊಡೆದಾನು, ಹೊಡೆಯಲಿ. ನೌಕರಿ ಹೋದೀತು. ಹೋದರೆ ಕಾಶವ್ವನಿಗೆ ಏನು ಹೇಳಲಿ? ಆ ಲಾಂಬಿ ಕೆರೆದ ಕಥೆ ಅವಳ ಮುಖ ನೋಡಿ ಹೇಗೆ ಹೇಳಲಿ?

ಕಾಶವ್ವ ಇವತ್ತು ಕೇಳಿಯೇ ಬಿಟ್ಟಳು. "ಏನಾಗೇದ ನಿಮಗ? ಉಣ್ಣಂಗಿಲ್ಲ, ಮಾತಾಡಂಗಿಲ್ಲ. ಆ ಕೂಸು ನೀವು ಹೆತ್ತದ್ದೇನು?" ಪಾಪ ಎನಿಸುತ್ತದೆ ಎಂದೆ. ನಿಮ್ಮದು ಹೂವಿನಂಥ ಮನಸ್ಸು ಎಂದಳು. ಎದ್ದು ಹೊರಗೆ ಹೋಗಿ ನಿಂತೆ.

೨೨ ಏಪ್ರಿಲ್, ಭಾನುವಾರ

ಅವ್ವಮ್ಮ ಬಂದಿದ್ದಳು. ಗುರುವಾರ ಯೆರವಡಾದಲ್ಲಿ ಹಿರಿಯರು ಕೂಡುತ್ತಾರಂತೆ, ಯಂಕವ್ವ-ಹುಸೇನಪ್ಪನ ನ್ಯಾಯಕ್ಕೆ. ನಡುವೆ ಕೂಡಲು ನಾನು ಬರಬೇಕಂತೆ. ನಮ್ಮ ಮಾತಿನವರು, ಓದಿದವರು, ಕೂಸು ಉಳಿಸಿದವರು. ನೀವು ಹೇಳಿದರೆ ಹುಸೇನಪ್ಪ ಮೀರುವುದಿಲ್ಲ ಎಂದಳು.

ಆಗದು ಎಂದೆ. ಯಂಕವ್ವನೇ ನಿಮ್ಮ ಹೆಸರು ಹೇಳಿದ್ದಾಳೆ ಎಂದಳು. ಬರುತ್ತೇನೆ ಎಂದೆ. ಅಲ್ಲಿಯೇ, ಎಲ್ಲರ ಎದುರು ಹೇಳಿಬಿಡುವುದು ಎಂದು ನಿರ್ಧರಿಸಿದ್ದೇನೆ. ಮಾತುಗಳನ್ನೂ ಜೋಡಿಸಿಕೊಂಡಿದ್ದೇನೆ.

೨೬ ಏಪ್ರಿಲ್, ಗುರುವಾರ

ಎಲ್ಲ ಸುಸೂತ್ರವಾಗಿ ಮುಗಿಯಿತು.

ಝೋಪಡಿಗಳ ನಡುವಿನ ಬಯಲಲ್ಲಿ ಕಂಬಳಿ ಹಾಸಿದ್ದರು. ನನ್ನನ್ನು ನಡುವೆ ಕೂರಿಸಿ ಎದುರಿಗೆ ಎಲೆಅಡಿಕೆ ಇಟ್ಟರು. ಹುಸೇನಪ್ಪ ಕೂಸನ್ನು ಎತ್ತಿಕೊಂಡು ಒಂದು ಕಡೆ, ಯಂಕವ್ವ ತಲೆ ತಗ್ಗಿಸಿ ಇನ್ನೊಂದು ಕಡೆ. ಕೂಸಿನ ಕೆಮ್ಮು ಕಡಿಮೆಯಾಗಿದೆ. ನನ್ನನ್ನು ನೋಡಿ ನಕ್ಕಿತು.

ಹೇಳಬೇಕೆಂದೇ ಬಾಯಿ ತೆರೆದೆ. ಆದರೆ ಅಷ್ಟು ಜನ ನನ್ನ ಮಾತಿಗೆ ಕಾದು ಕೂತಿದ್ದರು, ಹುಸೇನಪ್ಪ ಕೆಂಡವಾಗಿದ್ದ. ಆ ಹೊತ್ತಿನಲ್ಲಿ ಹೇಳಿದ್ದರೆ ನ್ಯಾಯ ಕೆಟ್ಟು ಕೂಸಿನ ಮಾತೇ ಹಿಂದೆ ಬೀಳುತ್ತಿತ್ತು. ತಾಯಿ ಕೂಸನ್ನು ಅಗಲಿಸಬಾರದು, ಅದೇ ಮುಖ್ಯ. ಹಾಗಾಗಿ ಹುಸೇನಪ್ಪನಿಗೆ ಬುದ್ಧಿ ಹೇಳಿದೆ. ಹೆಂಗಸಿನ ಮೇಲೆ ಕೈ ಮಾಡುವುದು ಗಂಡಸುತನವಲ್ಲ ಎಂದೆ. ಚೆನ್ನಾಗಿಯೇ ಮಾತಾಡಿದೆ, ಅವ್ವಮ್ಮ ಕಣ್ಣು ಒರೆಸಿಕೊಂಡಳು. ಹುಸೇನಪ್ಪ ಕೊನೆಗೆ ಮೆತ್ತಗಾದ. ಆದರೆ ಅವರಲ್ಲಿ ಒಂದು ಪದ್ಧತಿ ಇದೆ, ತಪ್ಪು ಮಾಡಿದವರು ಹಿರಿಯರ ಎಲೆಅಡಿಕೆ ಮುಟ್ಟಿ ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಇಟ್ಟುಕೊಳ್ಳುತ್ತೇನೆ ಎಂದ.

ಯಂಕವ್ವ ಮುಂದೆ ಬಂದು ಎಲೆಅಡಿಕೆಯ ಮೇಲೆ ಕೈಯಿಟ್ಟಳು. ನನ್ನ ಮುಖ ನೋಡಿದಳು.

"ಏನಂತ ಅನ್ನಲಿರಿ ಅಣ್ಣಾ?"

ಯಾರಾದರೂ ಹೇಳಿಕೊಡಲೇಬೇಕಿತ್ತು. "ದಾರ ಹರಿದದ್ದು ನಾ ನೋಡಲಿಲ್ಲ, ತಪ್ಪಾತು, ಅನ್ನವಾ," ಎಂದೆ.

ಅವಳು ಹಾಗೆಯೇ ಹೇಳಿದಳು. ಹುಸೇನಪ್ಪ ಎದ್ದು ಬಂದು ಕೂಸನ್ನು ಅವಳ ತೊಡೆಯ ಮೇಲಿಟ್ಟ. ಹೆಂಗಸರೆಲ್ಲ ಅತ್ತರು. ಗಂಡ ಹೆಂಡತಿ ಇಬ್ಬರೂ ನನ್ನ ಕಾಲು ಮುಟ್ಟಿದರು. ಬೇಡ ಬೇಡ ಎಂದೆ.

ಮನೆಗೆ ಬಂದು ಕಾಶವ್ವನಿಗೆ ನ್ಯಾಯದ ಸುದ್ದಿಯೆಲ್ಲ ಹೇಳಿದೆ. ಒಂದು ಸಂಸಾರ ಉಳಿಸಿದಿರಿ ಎಂದು ತುಪ್ಪ ಹಾಕಿ ಬಡಿಸಿದಳು. ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡೆ. ಚಾಕಣದಲ್ಲಿ ಕಟ್ಟುವ ಹೊಸ ಗೋದಾಮಿನ ಗಾಜೂ ನಾನೇ ಆರಿಸಬೇಕೆಂದು ಭುಜಂಗರಾಯರು ಹೇಳಿದ್ದಾರೆ, ಈ ಸಲ ಎಲ್ಲ ತಿಳಿ ಗಾಜೇ ಹಾಕಿಸುತ್ತೇನೆ.

ಹುಸೇನಪ್ಪ ಸಣ್ಣದಕ್ಕೆ ಅಷ್ಟು ಎಳೆದಾಡಿದ. ದಾರ ಹರಿಯುವುದೇನು ದೊಡ್ಡ ಮಾತು, ಯಾರ ಕೈಯಲ್ಲಾದರೂ ಹರಿದೀತು.